ಹುಳ ಸಾಕಣೆ: ತೋಟದ ಮಾಲೀಕರ ಕೈಪಿಡಿ

ಮೈಸೂರಿನಲ್ಲಿ ಮನೆ, ಕೊಡಗಿನಲ್ಲಿ ತೋಟ ಇಟ್ಟುಕೊಂಡಿರುವ ಗ್ರಾಹಕರೇ, ಕಾಫಿ ಬೆಳೆಯುವ ತಾಪತ್ರಯ ಬಿಟ್ಟು ಕಾಫಿ ಹುಳ ಬೆಳೆಯಲು ತಾವು ಮುಂದಾಗಿರುವುದು ಸಂತೋಷದ ವಿಷಯ. ‘ನಾನು ಹಾಗೇನೂ ಮುಂದಾಗಿಲ್ಲವಲ್ಲ’ ಎಂದು ಹುಬ್ಬೇರಿಸಬೇಡಿ. ಈ ಕಸುಬಿಗೆ ಮಾಲೀಕರ ಸಂಕಲ್ಪ ಬೇಕಿಲ್ಲ, ಗೈರುಹಾಜರಿ ಸಾಕು. ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಗೋಕುಲದಲ್ಲೋ ಇದ್ದುಕೊಂಡು, ಮಕ್ಕಳ ಓದು, ಅತ್ತೆಯವರ ಮಂಡಿನೋವು, ಕ್ಲಬ್ಬಿನ ಇಸ್ಪೀಟು ಎಲ್ಲವನ್ನೂ ಸಂಭಾಳಿಸುತ್ತ, ಪುರಸೊತ್ತಾದಾಗ ಒಮ್ಮೆ ಹುಣಸೂರು ದಾಟಿ ಹೋಗಿ ಬಂದರೆ ಹುಳಗಳು ತಮ್ಮ ಪಾಡಿಗೆ ತಾವು ಬೆಳೆಯುತ್ತವೆ. ಇನ್ನೂ ಹುಲುಸಾಗಿ ಬೆಳೆಯಲಿ ಎನ್ನುವವರಿಗಾಗಿ ಈ ಕೈಪಿಡಿ.

ತೋಟವಿಲ್ಲದವರೂ ಬೇಸರಪಡಬೇಕಿಲ್ಲ. ಮಡಿಕೇರಿಯ ನೆಂಟರು ಕೊಟ್ಟು ಕಳಿಸಿದ ಕಾಫಿ ಗಿಡ ಮೈಸೂರಿನ ಎಷ್ಟೋ ಹಿತ್ತಲುಗಳಲ್ಲಿ, ಒಗೆಯುವ ಕಲ್ಲಿನ ಪಕ್ಕ, ನಿಂತಿದೆ. ರಸ ಹೀರುವ ಹಿಟ್ಟು ತಿಗಣೆಯ ಮಟ್ಟಿಗಾದರೂ ಅದರಲ್ಲಿ ಗೃಹಕೈಗಾರಿಕೆ ನಡೆಸಬಹುದು. ಇದರಲ್ಲಿ ಊರಿನ ಮಾನದ ಪ್ರಶ್ನೆಯೂ ಇದೆ. ನಗರದೊಳಗೆ ಕಾಫಿ ತೋಟ ಇಲ್ಲದಿದ್ದರೂ ದೇಶದ ಉತ್ತಮ ದರ್ಜೆಯ ಕಾಫಿಯೊಂದಕ್ಕೆ ‘ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್’ ಎಂದೇ ಹೆಸರು. ಆ ದರ್ಜೆಗೆ ದಪ್ಪನೆಯ, ತೂತಿಲ್ಲದ ಬೀಜವೇ ಆಗಬೇಕು. ತೂತು ಮಾಡುವವರ ಪರಿಚಯ ಮುಂದಿದೆ.

ಮಾದರಿ ಒಂದು: ಬಿಳಿ ಕಾಂಡ ಕೊರಕ

ಇದು ಅರೇಬಿಕಾ ತೋಟದವರಿಗೆ ಮೀಸಲು. ರೋಬಸ್ಟಾ ಗಿಡದಲ್ಲಿ ಈ ಹುಳ ಸಾಮಾನ್ಯವಾಗಿ ಏಳಿಗೆಯಾಗುವುದಿಲ್ಲ. ಕೊಡಗಿನಲ್ಲಿ ಅರೇಬಿಕಾ ಕಿತ್ತು ರೋಬಸ್ಟಾ ಇಟ್ಟವರಲ್ಲಿ ಅನೇಕರು ಇದರ ಕಾಟಕ್ಕೇ ಹಾಗೆ ಮಾಡಿದ್ದು. ತೋಟದವರ ಬಾಯಲ್ಲಿ ಇದು ಬರೀ ‘ಬೋರರ್’. ಹೆಸರಲ್ಲಿ ಬಿಳಿ ಇದ್ದರೂ ದುಂಬಿಯ ಮೈ ಕಪ್ಪು, ಬೆನ್ನ ಮೇಲೆ ಮಾತ್ರ ಬೆಳ್ಳನೆಯ ಪಟ್ಟೆ. ವರ್ಷಕ್ಕೆ ಎರಡು ಸಲ ಹಾರಾಟ: ಏಪ್ರಿಲ್–ಮೇ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಹೊರಟ ಗಂಡು ತನ್ನ ಮೈಯಿಂದ ಒಂದು ವಾಸನೆ ಬಿಟ್ಟು ಹೆಣ್ಣನ್ನು ಕರೆಯುತ್ತದೆ. ಕೂಡಿದ ಹೆಣ್ಣು ಕಾಂಡದ ತೊಗಟೆಯ ಬಿರುಕುಗಳನ್ನು ಹುಡುಕಿ ಮೊಟ್ಟೆ ಇಡುತ್ತದೆ. ಅದಕ್ಕೆ ಬೇಕಾದ್ದು ಎರಡೇ. ಒರಟು ತೊಗಟೆ, ಕಾಂಡದ ಮೇಲೆ ನೇರ ಬಿಸಿಲು.

ಒರಟು ತೊಗಟೆ ಗಿಡವೇ ಕೊಡುತ್ತದೆ. ಬಿಸಿಲನ್ನು ನೀವು ಒದಗಿಸಬೇಕು. ಕೊಂಬೆ ಸವರುವ ಮರಗಸಿಯ ನೆಪದಲ್ಲಿ ಅತ್ತಿ, ಹಲಸು, ಹಾಲುವಾಣಗಳನ್ನು ಬೋಳಿಸಿ. ಹಳೆಯ ಕಾಡುಮರಗಳನ್ನು ಒಂದೊಂದಾಗಿ ಮಾರಿ, ಆ ಜಾಗದಲ್ಲಿ ಕಾಳುಮೆಣಸು ಹಬ್ಬಿಸಲು ಸಿಲ್ವರ್ ಓಕ್ ನಿಲ್ಲಿಸಿ. ಅದು ನೆಟ್ಟಗೆ ಬೆಳೆಯುತ್ತದೆ, ನೆರಳು ಕೊಡುವ ವಿಷಯದಲ್ಲಿ ಕೈಬಿಗಿ. ಮರ ಮಾರಿದ ದುಡ್ಡಿನಲ್ಲಿ ಮೈಸೂರಿನ ಮನೆಗೆ ಒಂದು ಮಹಡಿ ಏರುತ್ತದೆ, ತೋಟದಲ್ಲಿ ಬೋರರ್‌ಗೂ ವಸತಿಯಾಗುತ್ತದೆ.

ಈ ವಿಧಾನ ನಮ್ಮ ಸ್ವಂತ ಆವಿಷ್ಕಾರವೆಂದು ಹೇಳಿಕೊಳ್ಳುವಂತಿಲ್ಲ. 1860ರ ದಶಕದಲ್ಲಿ ಕೊಡಗಿಗೆ ಬಂದ ದೊರೆಗಳು ಗುಡ್ಡಕ್ಕೆ ಗುಡ್ಡವನ್ನೇ ಸವರಿ, ಬಟಾಬಯಲಿನಲ್ಲಿ ಕಾಫಿ ನೆಟ್ಟು ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದರು. ತೋಟಗಳು ಒಣಗಿ ನಿಂತಾಗ ಮದ್ರಾಸಿನ ವೈದ್ಯ ಜಾರ್ಜ್ ಬಿಡೀ ಬಂದು, ಸುತ್ತಾಡಿ ನೋಡಿ, 1869ರಲ್ಲಿ ವರದಿ ಕೊಟ್ಟರು. ನೆರಳು ಉಳಿಸಿಕೊಳ್ಳಿ ಎಂಬುದು ಅದರ ಮುಖ್ಯ ಬುದ್ಧಿವಾದಗಳಲ್ಲೊಂದು. ನೂರೈವತ್ತು ವರ್ಷ ದಾಟಿದ ಆ ಮಾತನ್ನು ಕಾಫಿ ಮಂಡಳಿಯವರು ಈಗಲೂ ಹೇಳುತ್ತಿದ್ದಾರೆ. ಯಶಸ್ವಿ ಹುಳ ಸಾಕಣೆದಾರರು ಈಗಲೂ ಕೇಳುತ್ತಿಲ್ಲ.

ಮೊಟ್ಟೆಯೊಡೆದ ಮರಿ ಮೊದಲು ತೊಗಟೆಯಡಿ ಓಡಾಡಿ ಆಮೇಲೆ ಒಳಮರಕ್ಕೆ ಇಳಿಯುತ್ತದೆ. ಅಲ್ಲಿ ಅದರ ವಾಸ ಒಂಬತ್ತು ಹತ್ತು ತಿಂಗಳು. ಕೊರೆದು ಮುಂದಕ್ಕೆ ಹೋದಂತೆ ಹಿಂದಿನ ಸುರಂಗಕ್ಕೆ ತನ್ನದೇ ಹಿಕ್ಕೆ, ಮರದ ಪುಡಿ ತುಂಬಿ ಗಟ್ಟಿಯಾಗಿ ಬಿರಡೆ ಜಡಿಯುತ್ತದೆ. ಹೊರಗೆ ಪುಡಿ ಉದುರುವುದಿಲ್ಲ, ಹೊರಗಿನ ಔಷಧಿ ಒಳಗೆ ಹೋಗುವುದಿಲ್ಲ. ಆದ್ದರಿಂದ ಹುಳ ಒಳಸೇರಿದ ಮೇಲೆ ಎಷ್ಟು ಬೇಕಾದರೂ ಔಷಧಿ ಹೊಡೆಸಿ. ಅದಕ್ಕೇನೂ ಆಗುವುದಿಲ್ಲ, ನಿಮಗೆ ಏನೋ ಮಾಡಿದೆವೆಂಬ ಸಮಾಧಾನ ಸಿಗುತ್ತದೆ.

ಗಿಡದಲ್ಲಿ ಹುಳ ಹಿಡಿದಿದೆಯೇ ಎಂದು ತಿಳಿಯಲು ಕಾರಿನಿಂದ ಇಳಿಯಬೇಕಾಗುತ್ತದೆ. ಎಲೆ ಹಳದಿಗೆ ತಿರುಗಿ ಜೋತಿರುತ್ತದೆ. ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕಾಂಡಕ್ಕೆ ಕೈಯಾಡಿಸಿದರೆ ಮುದುಕರ ಕೈನರದ ಹಾಗೆ ಉಬ್ಬಿದ ಏಣುಗಳು ಬೆರಳಿಗೆ ಸಿಗುತ್ತವೆ. ಒಳಗಿನ ಸುರಂಗ ಸುತ್ತಿ ಬಂದ ದಾರಿ ಅದು. ಇಂಥ ಗಿಡವನ್ನು ಕೀಳಿಸಬೇಡಿ. ಅಪ್ಪಿತಪ್ಪಿ ಕೀಳಿಸಿದರೆ ಸುಡಬೇಡಿ. ಆಳುಗಳ ಲೈನ್ ಮನೆಯ ಹಿಂದೆ ಸೌದೆಯಾಗಿ ಒಟ್ಟಿಸಿ. ಒಳಗಿನ ದುಂಬಿ ಹೊತ್ತಿಗೆ ಸರಿಯಾಗಿ ಅಲ್ಲಿಂದಲೇ ಹೊರಗೆ ಬರುತ್ತದೆ. ತೆಂಗಿನ ನಾರಿನಲ್ಲಿ ಕಾಂಡದ ತೊಗಟೆ ಉಜ್ಜಿಸುವುದು, ಶೇಕಡ 10ರ ಸುಣ್ಣದ ನೀರು ಕಾಂಡಕ್ಕೆ ಬಳಿಸುವುದು ಇವೆಲ್ಲ ಕಟ್ಟುನಿಟ್ಟಾಗಿ ನಿಷಿದ್ಧ. ನುಣುಪು ಕಾಂಡದಲ್ಲಿ ತಾಯಿಗೆ ಮೊಟ್ಟೆಯಿಡಲು ಸಂದಿಯೇ ಸಿಗದೆ ಹೋಗುತ್ತದೆ.

ಮಾದರಿ ಎರಡು: ಕಾಯಿ ಕೊರಕ

ಅರೇಬಿಕಾ, ರೋಬಸ್ಟಾ ಎಂಬ ಭೇದವಿಲ್ಲದೆ ಎಲ್ಲರಿಗೂ ಲಭ್ಯ. ಮೂಲ ಆಫ್ರಿಕ. ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಗೂಡಲೂರಿನಿಂದ ನಮ್ಮ ಕಡೆಗೆ ಗಡಿ ದಾಟಲು ಅದಕ್ಕೆ ಬಹಳ ದಿನ ಹಿಡಿಯಲಿಲ್ಲ. ಹಳೆಯ ಗೋಣಿಚೀಲಗಳಲ್ಲಿ, ಸರಿಯಾಗಿ ಒಣಗದ ಕಾಫಿಯಲ್ಲಿ ಇದಕ್ಕೆ ಪ್ರಯಾಣದ ಸೌಕರ್ಯ ಚೆನ್ನಾಗಿರುತ್ತದೆ.

ಹೆಣ್ಣು ದುಂಬಿ ಉದ್ದದಲ್ಲಿ ಎರಡು ಮಿಲಿಮೀಟರು ತುಂಬುವುದಿಲ್ಲ. ಕಾಯಿಯ ತುದಿಯಲ್ಲಿ, ಹೂವು ಉದುರಿದ ಜಾಗದಲ್ಲಿ, ಒಂದು ಹೊಕ್ಕಳಿರುತ್ತದಲ್ಲ, ಅಲ್ಲೇ ಗುಂಡುಸೂಜಿ ಚುಚ್ಚಿದಷ್ಟು ತೂತು ಮಾಡಿ ಒಳಗೆ ಹೋಗುತ್ತದೆ. ಅಂಥ ಕಾಯೊಂದನ್ನು ಬ್ಲೇಡಿನಿಂದ ಸೀಳಿ ನೋಡಿ. ಬೀಜದೊಳಗೆ ಓಣಿ ತೋಡಿ, ಅದರ ಗೋಡೆಗುಂಟ ಮೊಟ್ಟೆ, ಮರಿ, ಕೋಶ, ಹೊಸ ದುಂಬಿ ಎಲ್ಲ ತಲೆಮಾರೂ ಒಟ್ಟಿಗೆ ಸಂಸಾರ ಹೂಡಿರುತ್ತವೆ. ಸುಮಾರು ಹತ್ತು ಹೆಣ್ಣಿಗೆ ಒಂದು ಗಂಡು. ಗಂಡಿಗೆ ಹಾರಲು ಬರುವುದಿಲ್ಲ. ಹುಟ್ಟಿದ ಬೀಜದಲ್ಲೇ ಒಡಹುಟ್ಟಿದವರನ್ನು ಕೂಡಿ ಅಲ್ಲೇ ಸಾಯುತ್ತದೆ. ಕೈಪಿಡಿ ಬರೆಯುವವರು ನೀತಿ ಹೇಳಬಾರದು, ಆದ್ದರಿಂದ ಮುಂದಕ್ಕೆ ಹೋಗೋಣ.

ಕಾಫಿ ಗಿಡ ಕೆಫೀನ್ ಮಾಡಿಕೊಳ್ಳುವುದಕ್ಕೆ ಒಂದು ಕಾರಣ ಹುಳಗಳನ್ನು ದೂರ ಇಡುವುದು. ಸಂಜೆ ಆರರ ಮೇಲೆ ಒಂದು ಲೋಟ ಕುಡಿದರೆ ಸರಸ್ವತೀಪುರದ ನಿವೃತ್ತ ಮೇಷ್ಟರಿಗೆ ಬೆಳತನಕ ನಿದ್ದೆ ಇಲ್ಲ. ಈ ಹುಳ ಹುಟ್ಟಿದಾರಭ್ಯ ಬೀಜವನ್ನೇ ತಿಂದುಕೊಂಡಿದ್ದರೂ ಅದಕ್ಕೇನೂ ಬಾಧಕವಿಲ್ಲ. ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳು ಕೆಫೀನನ್ನು ಒಡೆದು ಹಾಕುತ್ತವೆಂದು 2015ರಲ್ಲಿ ಸಂಶೋಧಕರು ಪ್ರಕಟಿಸಿದರು. ಮೇಷ್ಟರಿಗೆ ಆ ಸೌಲಭ್ಯ ಇನ್ನೂ ಬಂದಿಲ್ಲ.

ಸಾಕುವ ಕ್ರಮ ಸರಳ. ಕೊಯ್ಲನ್ನು ಎಳೆಯಿರಿ. ಹಣ್ಣು ಗಿಡದಲ್ಲೇ ಕಪ್ಪಾಗಿ ಒಣಗಲಿ. ಕೊಯ್ಯುವಾಗ ಬುಡಕ್ಕೆ ಹಾಳೆ ಹಾಸಬೇಡಿ, ಉದುರಿದ್ದು ಉದುರಲಿ. ನೆಲದ ಹಕ್ಕಲು ಆಯಿಸಬೇಡಿ. ಕೊಯ್ಲು ಮುಗಿದು ಮುಂದಿನ ಕಾಯಿ ಗಟ್ಟಿಯಾಗುವವರೆಗೆ ಹುಳಕ್ಕೆ ಬೇರೆ ಊಟವಿಲ್ಲ, ಬೇರೆ ಮನೆಯಿಲ್ಲ. ಗಿಡದಲ್ಲಿ ಉಳಿದ, ನೆಲಕ್ಕೆ ಬಿದ್ದ ಕಾಯಿಗಳೇ ಅದರ ಬೇಸಿಗೆಯ ಬಿಡಾರ. ಅದನ್ನು ಕಿತ್ತುಕೊಂಡರೆ ನಿಮ್ಮ ಉದ್ಯಮಕ್ಕೆ ಬೀಗ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಹಕ್ಕಲು ಆಯಲು ಆಳೇ ಸಿಗುವುದಿಲ್ಲವೆಂದು ಮಾಲೀಕರು ಗೋಳಾಡುವುದರಲ್ಲಿ ಸುಳ್ಳಿಲ್ಲ. ಲೈನ್ ಮನೆಗಳು ಖಾಲಿಯಾಗಿವೆ, ಅಸ್ಸಾಮಿನಿಂದ ಬಂದವರು ಇರುವಷ್ಟು ದಿನ ಕೆಲಸ ನಡೆಯುತ್ತದೆ. ಆದರೆ 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋದಾಗ ಅದೇ ತೋಟಗಳಲ್ಲಿ ನೆಲದ ಕಾಯಿಯನ್ನೂ ಜನ ಹೆಕ್ಕಿಸಿದರು. ಆಳು ಎಲ್ಲಿಂದಲೋ ಹುಟ್ಟಿಕೊಂಡಿತು.

ಕಣದಲ್ಲಿ ಒಣಗಿಸುವಾಗಲೂ ಅವಸರ ಮಾಡಿ. ತೇವಾಂಶ ಅರೇಬಿಕಾ ಚೆರ್ರಿಯಲ್ಲಿ ಶೇ. 10.5ಕ್ಕೆ, ರೋಬಸ್ಟಾ ಚೆರ್ರಿಯಲ್ಲಿ ಶೇ. 11ಕ್ಕೆ ಇಳಿದರೆ ಹುಳ ಮುಂದೆ ಸಂಸಾರ ನಡೆಸಲಾರದು. ಅದಕ್ಕೆ ಮೊದಲೇ ಚೀಲ ಕಟ್ಟಿಸಿ ಜೀಪಿಗೆ ಹಾಕಿ, ಬೆಲೆ ಏರಲೆಂದು ಮೈಸೂರಿನ ಮನೆಯ ಕಾರ್ ಷೆಡ್ಡಿನಲ್ಲಿ ಪೇರಿಸಿಡಿ. ಖಾಲಿಯಾದ ಚೀಲಗಳನ್ನು ಹಾಗೆಯೇ ತೋಟಕ್ಕೆ ವಾಪಸು ಕಳಿಸಿ. ಬಸ್ ಚಾರ್ಜಿಲ್ಲದೆ ಹುಳವೂ ಊರಿಗೆ ಮರಳುತ್ತದೆ.

ಮಾದರಿ ಮೂರು: ಹಿಟ್ಟು ತಿಗಣೆ, ಹಸಿರು ಶಲ್ಕ ಕೀಟ

ಇವು ಕೊರೆಯುವುದಿಲ್ಲ, ಹೀರುತ್ತವೆ. ಹೀರಿದ ರಸದಲ್ಲಿ ಹೆಚ್ಚಾದದ್ದನ್ನು ಸಿಹಿ ಅಂಟಾಗಿ ಹೊರಗೆ ಬಿಡುತ್ತವೆ. ಅಂಟಿನ ಮೇಲೆ ಕಪ್ಪು ಬೂಷ್ಟು ಹರಡಿ ಎಲೆಗೆ ಮಸಿ ಬಳಿದಂತಾಗುತ್ತದೆ. ಸಿಹಿಗಾಗಿ ಇರುವೆ ಬರುತ್ತದೆ. ಬಂದ ಇರುವೆ ತಿಂದು ಹೋಗುವುದಿಲ್ಲ, ಕಾವಲಿಗೆ ನಿಲ್ಲುತ್ತದೆ. ತಿಗಣೆಯ ಮೈಯೊಳಗೆ ಮೊಟ್ಟೆಯಿಡಲು ಬಂದ ಕಣಜವನ್ನು ಓಡಿಸುತ್ತದೆ. ಸಂಬಳವಿಲ್ಲದ ಇಂಥ ಸಿಬ್ಬಂದಿ ಬೇರೆ ಯಾವ ಉದ್ಯಮದಲ್ಲೂ ಇಲ್ಲ. ಹಿತ್ತಲಿನ ಗಿಡದವರು ಬುಡದಲ್ಲಿ ಇರುವೆ ಸಾಲು ಕಂಡರೆ ‘ಪಾಪ, ಇರಲಿ’ ಎಂದು ಬಿಡಬೇಕು.

ರೋಬಸ್ಟಾದ ಎಳೆ ಕೊಂಬೆಗೆ ತೂತು ಹಾಕಿ, ಒಳಗೆ ಶಿಲೀಂಧ್ರ ಬೆಳೆಸಿ ಮರಿಗಳಿಗೆ ಉಣಿಸುವ ಇನ್ನೊಂದು ಕೊರಕವೂ ಇದೆ. ಒಣಗಿದ ಕೊಂಬೆ ಕತ್ತರಿಸದಿದ್ದರೆ ಸಾಕು, ಅದು ತಾನೇ ನೋಡಿಕೊಳ್ಳುತ್ತದೆ.

ಎಚ್ಚರಿಕೆ: ಉದ್ಯಮಕ್ಕೆ ಅಪಾಯಕಾರಿಗಳು

ನಿಮ್ಮ ತೋಟದಲ್ಲಿ ಅರ್ಜಿ ಹಾಕದೆ, ಕೂಲಿ ಕೇಳದೆ ಹುಳಗಳನ್ನು ತಿನ್ನುವವರು ಬಹಳ ಜನರಿದ್ದಾರೆ. ಗುರುತಿಸಿ ಹುಷಾರಾಗಿರಿ.

ಮೊದಲನೆಯದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು. ಕಂದುಗಪ್ಪು ರೆಕ್ಕೆ, ತಲೆ ಕಿತ್ತಳೆ. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು ಇದನ್ನು ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದರು. ಬಂದದ್ದು ಹೇಳಿದ ಕೆಲಸ ಬಿಟ್ಟು ಹಿಟ್ಟು ತಿಗಣೆಯ ವಿಭಾಗಕ್ಕೆ ವರ್ಗ ಮಾಡಿಸಿಕೊಂಡು ಅಲ್ಲೇ ನೆಲೆಯೂರಿತು. ಅದರ ಮರಿ ಇನ್ನೂ ಕಿಲಾಡಿ. ಮೈತುಂಬ ಬಿಳಿ ಮೇಣದ ಎಳೆ ಹೊದ್ದು ಥೇಟ್ ಹಿಟ್ಟು ತಿಗಣೆಯ ವೇಷದಲ್ಲಿ ತಿಗಣೆಗಳ ನಡುವೆಯೇ ಇರುತ್ತದೆ. ಕಾವಲಿನ ಇರುವೆಗೂ ಮೋಸ, ತೋಟದ ಮಾಲೀಕರಿಗೂ ಮೋಸ. ಹಿತ್ತಲಿನಲ್ಲಿ ಒಂದು ಎಲೆ ತಿರುಗಿಸಿ ಪೊರಕೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ತಿಗಣೆಯಾದರೆ ಕದಲಲು ಸೋಮಾರಿತನ ಮಾಡುತ್ತದೆ. ಮಿಕ್ಕವಕ್ಕಿಂತ ದೊಡ್ಡದಾಗಿ, ಎಳೆಗಳು ಉದ್ದವಾಗಿ, ಮುಟ್ಟಿದೊಡನೆ ಸರಸರನೆ ಓಡಿದರೆ ಅದು ಕ್ರಿಪ್ಟೋಲೀಮಸ್ ಮರಿ. ಸಾಮಾನ್ಯವಾಗಿ ಮನೆಯವರು ‘ಅಯ್ಯೋ, ದೊಡ್ಡ ತಿಗಣೆ!’ ಎಂದು ಮೊದಲು ಹೊಸಕುವುದು ಇದನ್ನೇ. ಹಾಗೆಯೇ ಮುಂದುವರಿಸಿ.

ಇದನ್ನು ಬೇಕೆಂದೇ ಬೆಳೆಸುವ ವಿಘ್ನಸಂತೋಷಿಗಳೂ ಇದ್ದಾರೆ. ಹಣ್ಣಾದ ಸಿಹಿಗುಂಬಳವನ್ನು ತೊಟ್ಟು ಸಮೇತ ತಂದು, ತೊಳೆದು, ಗಾಯಗಳಿಗೆ ಮೇಣ ಮೆತ್ತಿ, ಬಲೆ ಹಾಕಿದ ಪೆಟ್ಟಿಗೆಯಲ್ಲಿಟ್ಟು ಅದರ ಮೇಲೆ ಮೊದಲು ಹಿಟ್ಟು ತಿಗಣೆ ಬೆಳೆಸುತ್ತಾರೆ. ಕಾಯಿ ಪೂರ್ತಿ ಬೆಳ್ಳಗಾದ ಮೇಲೆ ಗುಲಗಂಜಿ ಹುಳು ಬಿಡುತ್ತಾರೆ. ಕೆಲವು ವಾರಗಳಲ್ಲಿ ತಿಗಣೆಯೆಲ್ಲ ಖಾಲಿ, ಪೆಟ್ಟಿಗೆ ತುಂಬ ಹುಳು. ಅವನ್ನು ಹಿಡಿದು ತೋಟಕ್ಕೆ ಬಿಡುತ್ತಾರೆ. ಆಯುಧಪೂಜೆಗೆ ಮೈಸೂರಿನ ರಸ್ತೆ ತುಂಬ ಒಡೆಯುವುದು ಬೂದುಗುಂಬಳ, ಈ ಕೆಲಸಕ್ಕೆ ಬೇಕಾದ್ದು ಸಿಹಿಗುಂಬಳ. ಆದ್ದರಿಂದ ದಸರೆಯಲ್ಲಿ ಬೆಲೆ ಏರಿತೆಂಬ ನೆಪ ಅವರಿಗಿಲ್ಲ.

ಎರಡನೆಯವರು ಕಣಜಗಳು. ಇವನ್ನು ನೋಡಲು ಕನ್ನಡಕ ಸಾಲದು, ಮಸೂರ ಬೇಕು. ಸೆಫಲೊನೊಮಿಯ ಎಂಬುದು ಕಾಯಿ ಕೊರಕದ ತವರಾದ ಆಫ್ರಿಕದ್ದೇ. 1990ರ ದಶಕದಲ್ಲಿ ಮೆಕ್ಸಿಕೊ ಮಾರ್ಗವಾಗಿ ನಮ್ಮ ತೋಟಗಳಿಗೆ ಬಂತು. ಕೊರಕ ಮಾಡಿದ ತೂತಿನಲ್ಲೇ ನುಗ್ಗಿ ಮೊಟ್ಟೆ, ಚಿಕ್ಕ ಮರಿಗಳನ್ನು ತಿನ್ನುತ್ತದೆ, ದೊಡ್ಡ ಮರಿಗಳ ಮೇಲೆ ತನ್ನ ಮೊಟ್ಟೆ ಇಡುತ್ತದೆ. ಕಾಂಡ ಕೊರಕದ ಮರಿಯನ್ನು ಹುಡುಕಿಕೊಂಡು ಬರುವ ಕಣಜಗಳೂ ಇವೆ. ಇವಾವೂ ಕೊರಕವನ್ನು ನಿರ್ನಾಮ ಮಾಡಿಬಿಡುತ್ತವೆಂದು ಗಾಬರಿಯಾಗಬೇಕಿಲ್ಲ. ಹಕ್ಕಲು ಆಯದ ತೋಟದಲ್ಲಿ ಕಣಜ ಬಿಟ್ಟು ಕೈಕಟ್ಟಿ ಕೂತವರಿಗೆ ಹುಳ ಕಡಿಮೆಯಾಗುವುದಿಲ್ಲ, ಆ ಮಟ್ಟಿಗೆ ನಮ್ಮ ಉದ್ಯಮ ಸುರಕ್ಷಿತ.

ಹಳೆಯ ಮರಗಳನ್ನು ಉಳಿಸಿಕೊಂಡವರ ತೋಟಕ್ಕೆ, ಕಾವಲಿನ ಇರುವೆಗಳ ವೈರಿಯಾದ ಕಂದು ಮರಕುಟಿಗವೂ ಬರುತ್ತದೆ. ಮರದ ಮೇಲೆ ಇರುವೆ ಕಟ್ಟಿದ ಗೂಡನ್ನೇ ಕೊರೆದು ಅದರಲ್ಲಿ ತಾನು ಮೊಟ್ಟೆಯಿಡುತ್ತದೆ, ಹಸಿವಾದಾಗ ಮನೆಯ ಮಾಲೀಕರನ್ನೇ ತಿನ್ನುತ್ತದೆ. ಇಷ್ಟು ನಿರ್ಲಜ್ಜ ಬಾಡಿಗೆದಾರರು ಮೈಸೂರಿನಲ್ಲೂ ಸಿಗಲಾರರು.

ಮೂರನೆಯದು ಬ್ಯುವೇರಿಯಾ ಎಂಬ ಶಿಲೀಂಧ್ರ. ಮಳೆಗಾಲದ ತೇವದಲ್ಲಿ ಕಾಯಿಯ ಹೊಕ್ಕಳಲ್ಲಿ ಸತ್ತ ಕೊರಕದ ಹಿಂಭಾಗ ಬಿಳಿ ಪುಡಿ ಮೆತ್ತಿಕೊಂಡು ಹೊರಗೆ ಕಾಣುತ್ತದೆ. ಮೈಸೂರು ಸೀಮೆಗೆ ಇದು ಹಳೆಯ ಗುರುತು. ಟಿ. ನರಸೀಪುರ, ಕೊಳ್ಳೇಗಾಲದ ಕಡೆ ರೇಷ್ಮೆ ಸಾಕುವವರನ್ನು ಕೇಳಿ: ಗೂಡು ಕಟ್ಟಲು ಚಂದ್ರಿಕೆಗೆ ಏರಬೇಕಾದ ಹುಳು ಸುಣ್ಣದ ಕಡ್ಡಿಯಾಗಿ ಸೆಟೆದು ಬೀಳುವ ಸುಣ್ಣಕಟ್ಟು ರೋಗ ಇದರದೇ ಕೆಲಸ. ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲಿ ರೇಷ್ಮೆ ಹುಳುವಿನಲ್ಲಿ ಇದನ್ನು ತೋರಿಸಿಕೊಟ್ಟ. ಬ್ಯುವೇರಿಯಾ ಬಾಸಿಯಾನಾ ಎಂಬ ಪೂರ್ತಿ ಹೆಸರು ಅವನಿಂದಲೇ ಬಂತು. ಮಾನಂದವಾಡಿ ರಸ್ತೆಯ ರೇಷ್ಮೆ ಸಂಶೋಧನಾ ಸಂಸ್ಥೆಯವರಿಗೆ ಇದು ವೈರಿ, ಕಾಫಿ ವಿಜ್ಞಾನಿಗಳಿಗೆ ನೆಂಟ. ಈ ಒಂದು ಎಚ್ಚರಿಕೆಯಲ್ಲಿ ತಮಾಷೆಯಿಲ್ಲ: ಸುತ್ತಮುತ್ತ ಹಿಪ್ಪುನೇರಳೆ ತೋಟ, ರೇಷ್ಮೆ ಮನೆ ಇದ್ದರೆ ಇದನ್ನು ಸಿಂಪಡಿಸಬಾರದು.

ಈ ಅಪಾಯಕಾರಿಗಳನ್ನೆಲ್ಲ ಒಂದೇ ಏಟಿಗೆ ತೊಲಗಿಸುವ ಉಪಾಯವೊಂದಿದೆ, ಅದೂ ದೂರವಾಣಿಯಲ್ಲೇ, ತೋಟ ನೋಡಿಕೊಳ್ಳುವ ರೈಟರ್ ಜೊತೆ:

“ರೈಟ್ರೇ, ಬೋರರ್ ಏನಾದ್ರೂ ಇದ್ಯಾ?”

“ಅಂಥಾದ್ದೇನಿಲ್ಲ ಸಾವ್ಕಾರ್ರೇ. ಅಲ್ಲೊಂದು ಇಲ್ಲೊಂದು.”

“ಮೊನ್ನೆ ಗಿಡ ಹಳದಿ ಆಗಿದೆ ಅಂದ್ರಿ?”

“ಅದು ಬಿಸ್ಲಿಗೆ ಸಾವ್ಕಾರ್ರೇ.”

“ಸರಿ ಬಿಡಿ. ಯಾವುದಾದ್ರೂ ಔಷಧಿ ಹೊಡೆಸಿಬಿಡಿ, ಇಡೀ ತೋಟಕ್ಕೆ.”

‘ಯಾವುದಾದರೂ’, ‘ಇಡೀ ತೋಟಕ್ಕೆ’ ಎಂಬ ಎರಡು ಮಾತುಗಳನ್ನು ಮರೆಯಬೇಡಿ. ಕೊರಕಗಳು ಕಾಯಿ, ಕಾಂಡಗಳ ಒಳಗೆ ಬೆಚ್ಚಗಿರುತ್ತವೆ. ಎಲೆಯ ಮೇಲೆ ಓಡಾಡುವ ಗುಲಗಂಜಿ ಹುಳು, ಕಣಜ, ಜೇಡ ಸಾಯುತ್ತವೆ. ಹಿಂದೆ ಕಾಯಿ ಕೊರಕಕ್ಕೆ ಹೀಗೆ ಧಾರಾಳವಾಗಿ ಹೊಡೆಸುತ್ತಿದ್ದದ್ದು ಎಂಡೋಸಲ್ಫಾನ್. ಅದು ಕಾಸರಗೋಡಿನ ಗೇರು ತೋಟಗಳ ಸುತ್ತಲಿನ ಜನರಿಗೆ ಏನು ಮಾಡಿತೆಂಬುದು ಎಲ್ಲರಿಗೂ ಗೊತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಆ ವಿಷಯದಲ್ಲಿ ನಗೆಯಾಡಲು ಈ ಕೈಪಿಡಿಗೆ ಮನಸ್ಸಿಲ್ಲ.

ಸಾಕಣೆ ನಿಲ್ಲಿಸಬೇಕೆನ್ನುವವರಿಗೆ

ನಿಲ್ಲಿಸುವುದಕ್ಕೆ ಶುಲ್ಕವಿಲ್ಲ, ಪ್ರಯಾಣ ಮಾತ್ರ ಇದೆ. ಬೋರರ್ ಹಿಡಿದ ಗಿಡಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಅಂದರೆ ಹಾರಾಟಕ್ಕೆ ಮುಂಚೆ, ಹುಡುಕಿಸಿ ಕೀಳಿಸಿ ಸುಡಬೇಕು. ತೊಗಟೆ ಉಜ್ಜಿಸುವುದೂ ಅದೇ ಹೊತ್ತಿಗೆ. ಮರ ಕಡಿಸುವ ಮುಂಚೆ ಮಧ್ಯಾಹ್ನ ಅದರ ಕೆಳಗಿನ ಕಾಫಿ ಗಿಡಗಳ ಬುಡದಲ್ಲಿ ನಿಂತು, ಕಾಂಡದ ಮೇಲೆ ಈಗಲೇ ಎಷ್ಟು ಬಿಸಿಲು ಬೀಳುತ್ತಿದೆ ನೋಡಬೇಕು. ಕೊಯ್ಲಾದ ಮೇಲೆ ಗಿಡದಲ್ಲಿ ಒಂದು ಕಾಯಿಯೂ ಉಳಿಯದಂತೆ, ನೆಲದಲ್ಲಿ ಆದಷ್ಟೂ ಉಳಿಯದಂತೆ ಆಯಿಸಬೇಕು. ಹುಳ ಹಿಡಿದ ಕಾಯಿಗಳನ್ನು ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ ತೆಗೆದರೆ ಒಳಗಿನವು ಸಾಯುತ್ತವೆ, ಕಾಫಿ ಒಣಗಿಸಿ ಮಾರಬಹುದು. ಔಷಧಿ ಬೇಕೇಬೇಕೆಂದಾದರೆ ಹುಳವಿರುವ ಗಿಡಗಳಿಗಷ್ಟೇ. ಹಿತ್ತಲಿನ ಗಿಡಕ್ಕೆ ಇದರಲ್ಲಿ ಯಾವುದೂ ಬೇಡ. ಬುಡದಿಂದ ಇರುವೆ ಏರದಂತೆ ನೋಡಿಕೊಂಡು, ಓಡುವ ಬಿಳಿ ಮರಿಗಳನ್ನು ಹೊಸಕದಿದ್ದರೆ ಸಾಕು.

ಉಳಿದದ್ದೆಲ್ಲ ಫೋನಿನಲ್ಲಿ ಆದೀತು, ಕಾಂಡ ಮುಟ್ಟಿ ನೋಡುವುದು ಆಗದು. ವರ್ಷದ ಮೊದಲ ಹಾರಾಟ ಏಪ್ರಿಲ್‌ಗೆ. ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಮೈಸೂರು ಬಿಡಿ, ರೈಟ್ರನ್ನು ಜೊತೆಗೆ ಕರೆದುಕೊಂಡು ಅರೇಬಿಕಾ ಸಾಲುಗಳಲ್ಲಿ ಗಿಡಗಿಡದ ಬುಡಕ್ಕೂ ಕೂತು ಕೈಯಾಡಿಸಿ ನೋಡಿ.